ಬೇಕರಿ ಕೆಳಗೆ, ಮನೆ ಮೇಲೆ: ವಿಮೆ ಇದ್ದೂ ಹಣ ಬಾರದ ಜಾಗಗಳು

ವಿಮೆಯೇ ಮಾಡಿಸದೆ ನಷ್ಟ ಅನುಭವಿಸುವವರ ವಿಷಯ ಬೇರೆ. ಬೀರುವಿನಲ್ಲಿ ನಾಲ್ಕಾರು ಪಾಲಿಸಿ ಇಟ್ಟುಕೊಂಡು, ವರ್ಷವರ್ಷ ತಪ್ಪದೆ ಪ್ರೀಮಿಯಂ ಕಟ್ಟಿ, ಕ್ಲೇಮಿನ ಹೊತ್ತಿಗೆ ಅರ್ಧ ಹಣವೂ ಕೈಸೇರದವರೂ ಇದ್ದಾರೆ. ಕಂಪನಿ ಮೋಸ ಮಾಡಿತು ಎಂದು ಅವರು ಬೈಯುವುದುಂಟು, ಕೆಲವು ಸಲ ಅದು ನಿಜವೂ ಹೌದು. ಆದರೆ ಕಡತ ಬಿಡಿಸಿ ನೋಡಿದರೆ ಬಹಳ ಸಲ ಕಾಣುವುದು ಇಷ್ಟು: ಒಂದು ಪಾಲಿಸಿ ಮುಗಿಯುವ ಕಡೆ ಇನ್ನೊಂದು ಶುರುವಾಗಿಲ್ಲ, ನಷ್ಟ ಆಗಿದ್ದು ಆ ನಡುವಿನ ಜಾಗದಲ್ಲಿ.

ಆ ಜಾಗಗಳನ್ನು ಗುರುತಿಸಲು ಒಂದು ಕಲ್ಪಿತ ಕುಟುಂಬವನ್ನು ಇಟ್ಟುಕೊಳ್ಳೋಣ. ಹಾಸನದ ಕಡೆಯ ಒಂದು ಊರು, ಮುಖ್ಯರಸ್ತೆಯಲ್ಲಿ ಬೇಕರಿ. ಮುಂದೆ ಗಾಜಿನ ಕೌಂಟರ್. ಹಿಂದೆ ಓವನ್, ಹಿಟ್ಟು ಕಲಸುವ ಮಿಕ್ಸರ್, ಡೀಪ್ ಫ್ರೀಜರ್. ಮಹಡಿಯ ಮೇಲೆ ಮಾಲೀಕರ ಮನೆ. ನಾಲ್ವರು ಕೆಲಸದವರು, ಒಂದು ಸ್ಕೂಟರ್, ಬಿಳಿ ಬೋರ್ಡಿನ ಒಂದು ವ್ಯಾನ್. ಯಂತ್ರಗಳಿಗೆ ಬ್ಯಾಂಕಿನ ಟರ್ಮ್ ಲೋನ್, ದಾಸ್ತಾನಿನ ಮೇಲೆ ಸಿಸಿ ಸಾಲ (ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಕ್ಯಾಷ್ ಕ್ರೆಡಿಟ್). ಕರ್ನಾಟಕದ ಯಾವ ತಾಲ್ಲೂಕಿನಲ್ಲಾದರೂ ಕಾಣುವ ಸಂಸಾರ ಇದು.

ಬ್ಯಾಂಕ್ ಮಾಡಿಸಿದ ವಿಮೆ

"ನಮ್ಮ ಅಂಗಡಿಗೆ ಬ್ಯಾಂಕಿನವರೇ ಇನ್ಶೂರೆನ್ಸ್ ಮಾಡಿಸಿದ್ದಾರೆ" ಎನ್ನುವ ಮಾತಿನಿಂದಲೇ ಅರ್ಧ ತೊಂದರೆ ಶುರು. ಬ್ಯಾಂಕ್ ನೋಡಿಕೊಳ್ಳುವುದು ತನ್ನ ಸಾಲವನ್ನು. ಸಾಲದ ಬಾಕಿ ₹8 ಲಕ್ಷ ಇದ್ದರೆ ಅಷ್ಟಕ್ಕೇ ವಿಮೆ ಮಾಡಿಸಿ, ಪ್ರೀಮಿಯಂ ನಿಮ್ಮ ಖಾತೆಯಿಂದ ಮುರಿದುಕೊಂಡಿರುತ್ತದೆ. ಯಂತ್ರಗಳನ್ನು ಇವತ್ತು ಹೊಸದಾಗಿ ಕೊಳ್ಳಲು ₹16 ಲಕ್ಷ ಬೇಕು ಎಂದಿಟ್ಟುಕೊಳ್ಳಿ. ಬೆಂಕಿ ಬಿದ್ದು ₹6 ಲಕ್ಷದ ಯಂತ್ರ ಹಾಳಾಯಿತು. ವಿಮಾ ಮೊತ್ತ ₹8 ಲಕ್ಷ ಇದೆ, ನಷ್ಟ ₹6 ಲಕ್ಷ ಮಾತ್ರ, ಪೂರ್ತಿ ಬರುತ್ತದೆ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ನಷ್ಟ ಅಂದಾಜು ಮಾಡಲು ಬರುವ ಸರ್ವೇಯರ್ ಲೆಕ್ಕ ಬೇರೆ. ಇರಬೇಕಾದ ಮೊತ್ತದ ಅರ್ಧಕ್ಕೆ ಮಾತ್ರ ವಿಮೆ ಇದೆ, ಹಾಗಾಗಿ ಯಾವ ನಷ್ಟ ಆದರೂ ಅರ್ಧವೇ ಸಿಗುತ್ತದೆ. 6 ಗುಣಿಸು 8 ಭಾಗಿಸು 16, ಅಂದರೆ ₹3 ಲಕ್ಷ. ಅದರಲ್ಲೂ ನಷ್ಟದಲ್ಲಿ ನೀವೇ ಹೊರಬೇಕೆಂದು ಪಾಲಿಸಿಯಲ್ಲಿ ಹೇಳಿದಷ್ಟು ಪಾಲು ಕಳೆದು, ಉಳಿದದ್ದು ಮೊದಲು ಬ್ಯಾಂಕಿಗೆ ಹೋಗುತ್ತದೆ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಸೇರಿಸಿರುವುದೇ ಅದಕ್ಕೆ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಸಣ್ಣ ಉದ್ಯಮಗಳಿಗೆ ಎರಡು ಸಿದ್ಧಮಾದರಿಯ ಪಾಲಿಸಿ ತಂದಿತು. ಒಂದೇ ಜಾಗದಲ್ಲಿರುವ ಕಟ್ಟಡ, ಯಂತ್ರ, ದಾಸ್ತಾನು ಎಲ್ಲದರ ಮೌಲ್ಯ ₹5 ಕೋಟಿಯೊಳಗೆ ಇದ್ದರೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಅದಕ್ಕಿಂತ ಮೇಲೆ ₹50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಷರತ್ತು ಒಂದೇ. ಇವುಗಳಲ್ಲಿ ಕಡಿಮೆ ವಿಮೆಯ ಕೊರತೆ 15% ಒಳಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಬೇಕರಿಯವರು ₹14 ಲಕ್ಷಕ್ಕೆ ಮಾಡಿಸಿದ್ದರೆ ಕೊರತೆ 12.5%, ಅವರ ಪಾಲು ಬಿಟ್ಟು ಮೇಲಿನ ನಷ್ಟ ಪೂರ್ತಿ ಬರುತ್ತಿತ್ತು. ಕೊರತೆ 50% ಆದಾಗ ಈ ರಿಯಾಯಿತಿಯ ಪ್ರಯೋಜನ ಇಲ್ಲ.

ವಿಮಾ ಮೊತ್ತ ಬರೆಯುವಾಗ ಬಹುತೇಕರು ಬ್ಯಾಲೆನ್ಸ್ ಶೀಟ್ ತೆಗೆದು ಕೂರುತ್ತಾರೆ. ಅಲ್ಲಿ ಸವಕಳಿ ಕಳೆದು ಹತ್ತು ವರ್ಷದ ಓವನ್ ಕೆಲವೇ ಸಾವಿರಕ್ಕೆ ಇಳಿದಿರುತ್ತದೆ. ಯಂತ್ರ, ಪೀಠೋಪಕರಣ, ಕಟ್ಟಡಗಳಿಗೆ ಬರೆಯಬೇಕಾದದ್ದು ಅದೇ ಸಾಮರ್ಥ್ಯದ ಹೊಸ ವಸ್ತುವಿನ ಇವತ್ತಿನ ಬೆಲೆ. ಆಡಿಟರ್ ಬರೆದ ಅಂಕಿ ಆದಾಯ ತೆರಿಗೆಗೆ ಸರಿ, ವಿಮೆಗೆ ಅದನ್ನೇ ಬರೆದರೆ ಕೆಡುತ್ತದೆ.

ದಾಸ್ತಾನಿನಲ್ಲಿ ತೊಡಕು ಇನ್ನೊಂದು ತರಹ. ಬೇಕರಿಯಲ್ಲಿ ಮಾಮೂಲಿ ದಿನ ₹4 ಲಕ್ಷದ ಸಾಮಾನು ಇದ್ದರೆ, ಕ್ರಿಸ್‌ಮಸ್, ಹೊಸ ವರ್ಷದ ಕೇಕಿನ ಸಮಯಕ್ಕೆ ಅದು ಎರಡು ಪಟ್ಟು. ಬಟ್ಟೆ ಅಂಗಡಿಗೆ ದೀಪಾವಳಿ, ಪುಸ್ತಕದ ಅಂಗಡಿಗೆ ಜೂನ್, ಅಡಿಕೆ ವ್ಯಾಪಾರಿಗೆ ಕೊಯ್ಲು ಮುಗಿದ ತಿಂಗಳುಗಳು. ವಿಮೆ ಮಾಡಬೇಕಾದದ್ದು ಅತಿ ಹೆಚ್ಚು ಸರಕಿರುವ ದಿನದ ಮೌಲ್ಯಕ್ಕೆ. ಇಲ್ಲವೇ ಆ ಸಮಯಕ್ಕೆ ಮೊತ್ತ ಏರಿಸಿ, ಪಾಲಿಸಿಯ ತಿದ್ದುಪಡಿ ಪತ್ರವಾದ ಎಂಡಾರ್ಸ್‌ಮೆಂಟ್ ಪಡೆಯಬೇಕು. ಇನ್ನು ಬ್ಯಾಂಕಿಗೂ ಜಿಎಸ್‌ಟಿಗೂ ಬೇರೆ ಬೇರೆ ಲೆಕ್ಕ ಕೊಡುವ ಅಭ್ಯಾಸ ಇರುವವರಿಗೆ ಒಂದು ಎಚ್ಚರಿಕೆ. ಸಾಲದ ಮಿತಿ ಕಡಿಮೆಯಾಗದಿರಲಿ ಎಂದು ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಸರಕು ಉಬ್ಬಿಸಿ ಬರೆಯುತ್ತಾರೆ, ರಿಟರ್ನ್ಸ್‌ನಲ್ಲಿ ಖರೀದಿ ಕಡಿಮೆ ಇರುತ್ತದೆ. ಸರ್ವೇಯರ್ ಮೊದಲು ಮೇಜಿನ ಮೇಲೆ ಅಕ್ಕಪಕ್ಕ ಇಡುವುದು ಈ ಎರಡು ಕಾಗದಗಳನ್ನೇ. ಬಿಲ್ಲಿನಲ್ಲಿ ಕಾಣದ ಸರಕು ಸುಟ್ಟಿದೆ ಎಂದು ನಂಬಿಸುವುದು ಆಮೇಲೆ ಕಷ್ಟ.

ವಿಳಾಸ, ಹೆಸರು, ಉಪಯೋಗ

ಪಾಲಿಸಿಯ ಮೊದಲ ಪುಟಗಳಲ್ಲಿ ಷೆಡ್ಯೂಲ್ ಎಂಬ ಪಟ್ಟಿ ಇರುತ್ತದೆ. ಇಡೀ ಪುಸ್ತಕ ಓದಲು ಆಗದಿದ್ದರೂ ಇದನ್ನು ಮಾತ್ರ ಅಕ್ಷರ ಬಿಡದೆ ಓದಬೇಕು. ಯಾರ ಹೆಸರು, ಯಾವ ವಿಳಾಸ, ಯಾವ ಉಪಯೋಗ, ಯಾವ ವಸ್ತುವಿಗೆ ಎಷ್ಟು ಮೊತ್ತ, ಯಾವ ದಿನದಿಂದ ಯಾವ ದಿನಕ್ಕೆ.

ಅಂಗಡಿಯ ವಿಳಾಸಕ್ಕೆ ವಿಮೆ ಇದ್ದು, ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಹಿಡಿದ ಗೋದಾಮಿನಲ್ಲಿ ಮೈದಾ, ಸಕ್ಕರೆ ಇಟ್ಟಿದ್ದರೆ ಆ ಗೋದಾಮಿಗೆ ವಿಮೆ ಇಲ್ಲ. ಎರಡು ಮೂರು ಜಾಗಗಳ ನಡುವೆ ಸರಕು ಓಡಾಡುತ್ತಿದ್ದರೆ ಎಲ್ಲ ವಿಳಾಸ ಬರೆದು ಎಲ್ಲ ಜಾಗಕ್ಕೂ ಒಂದೇ ಮೊತ್ತ ಅನ್ವಯವಾಗುವ ಫ್ಲೋಟರ್ ಆಧಾರದ ಮೇಲೆ ಮಾಡಿಸಿಕೊಳ್ಳಬಹುದು.

ಹೆಸರಿನ ಗೊಂದಲ ನಮ್ಮಲ್ಲಿ ವಿಪರೀತ. ತಂದೆ ತೀರಿಕೊಂಡು ವರ್ಷಗಳಾಗಿರುತ್ತವೆ. ಪೌತಿ ಖಾತೆ ಆಗಿಲ್ಲ. ಕಟ್ಟಡದ ದಾಖಲೆ ಇನ್ನೂ ಅವರ ಹೆಸರಲ್ಲಿ, ಪಾಲಿಸಿ ಒಬ್ಬ ಮಗನ ಹೆಸರಲ್ಲಿ, ಜಿಎಸ್‌ಟಿ ನೋಂದಣಿ ಸೊಸೆಯ ಹೆಸರಲ್ಲಿ. ಯಾರಿಗೆ ಆ ಆಸ್ತಿಯಲ್ಲಿ ಹಕ್ಕಿದೆಯೋ ಅವರಿಗೆ ಮಾತ್ರ ವಿಮೆಯ ಹಣ ಸಲ್ಲುತ್ತದೆ. ಖಾತೆ ಆಗುವವರೆಗೆ ವಾರಸುದಾರರೆಲ್ಲರ ಹೆಸರು ಸೇರಿಸಿ ಪಾಲಿಸಿ ಮಾಡಿಸುವುದು ಸುಲಭದ ದಾರಿ.

ಬಾಡಿಗೆ ಮಳಿಗೆಯಾದರೆ ಕಟ್ಟಡಕ್ಕೆ ಮಾಲೀಕರು, ಸಾಮಾನಿಗೆ ಬಾಡಿಗೆದಾರರು ವಿಮೆ ಮಾಡಿಸುವುದು ರೂಢಿ. ಫಾಲ್ಸ್ ಸೀಲಿಂಗ್, ಟೈಲ್ಸ್, ವೈರಿಂಗ್, ಗಾಜಿನ ಮುಂಭಾಗ ಎಂದು ಬಾಡಿಗೆದಾರರು ಹಾಕಿದ ಲಕ್ಷಗಟ್ಟಲೆ ಹಣ ಇಬ್ಬರ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಒಳಾಂಗಣ ಕೆಲಸ ಎಂದು ಪ್ರತ್ಯೇಕ ಸಾಲಿನಲ್ಲಿ ಬರೆಸಬೇಕು. ಬೇರೆಯವರ ವಸ್ತು ನಿಮ್ಮ ಬಳಿ ಇದ್ದಾಗಲೂ ಇದೇ ಮಾತು. ಮೊಬೈಲ್ ರಿಪೇರಿಗೆ ಬಂದ ಗಿರಾಕಿಗಳ ಫೋನು, ದರ್ಜಿಯ ಬಳಿಯ ಬಟ್ಟೆ, ಜಾಬ್ ವರ್ಕಿಗೆ ಬಂದ ನೂಲು, ಇವು ನಿಮ್ಮ ದಾಸ್ತಾನು ಅಲ್ಲ. ನಂಬಿಕೆಯ ಮೇಲೆ ಇಟ್ಟುಕೊಂಡ ಇತರರ ಸರಕು ಎಂದು ಬರೆಸದಿದ್ದರೆ ಪಾಲಿಸಿ ಅದನ್ನು ಗುರುತಿಸುವುದಿಲ್ಲ.

ಉಪಯೋಗ ಎಂದರೆ ಅಲ್ಲಿ ಏನು ನಡೆಯುತ್ತದೆ ಎಂಬುದು. "ಅಂಗಡಿ" ಎಂದು ಬರೆಸಿ ಹಿಂದೆ ಓವನ್ ಉರಿಸುತ್ತಿದ್ದರೆ ಅದು ಮುಖ್ಯ ಸಂಗತಿಯನ್ನು ಮುಚ್ಚಿಟ್ಟಂತೆ. ಮಹಡಿ ಮೇಲಿನ ಮನೆಯ ಪಾಲಿಸಿಯಲ್ಲೂ ಕೆಳಗೆ ಬೇಕರಿ ಇದೆ ಎಂಬ ಒಂದು ಸಾಲು ಇರಬೇಕು. ಮನೆಯಲ್ಲೇ ಹೊಲಿಗೆ, ಹಪ್ಪಳ, ಟ್ಯೂಷನ್ ನಡೆಸುವವರು ಇದನ್ನು ಏಜೆಂಟರ ಬಾಯಿಗೆ ಬಿಡದೆ ಇಮೇಲ್ ಮಾಡಿ ತಿಳಿಸಿ, ಒಪ್ಪಿಗೆ ಬರಹದಲ್ಲಿ ಪಡೆಯುವುದು ಒಳ್ಳೆಯದು. ಅಂಗಡಿ ಒಂದು ತಿಂಗಳಿಗಿಂತ ಹೆಚ್ಚು ಬೀಗ ಹಾಕಿರುವ ಸಂದರ್ಭ ಬಂದರೂ ತಿಳಿಸಿ. 30 ದಿನ ಮೀರಿ ಖಾಲಿಬಿಟ್ಟ ಜಾಗಕ್ಕೆ ರಕ್ಷಣೆ ನಿಲ್ಲಿಸುವ ಷರತ್ತು ಬೆಂಕಿ, ಕಳ್ಳತನದ ಪಾಲಿಸಿಗಳಲ್ಲಿ ಸಾಮಾನ್ಯ. ಅನಾಹುತ ಆದಮೇಲೆ ತಿದ್ದುಪಡಿ ಕೇಳುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಬೆಂಕಿಯ ಪಾಲಿಸಿಯಲ್ಲಿ ಏನೇನಿಲ್ಲ

ಸೂಕ್ಷ್ಮ ಉದ್ಯಮ ಸುರಕ್ಷಾದಲ್ಲಿ ಬೆಂಕಿಯ ಜೊತೆ ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ ಎಲ್ಲ ಸೇರಿವೆ. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ, ಬಾಗಲಕೋಟೆ, 2024ರ ಜುಲೈನಲ್ಲಿ ಅಂಕೋಲಾದ ಶಿರೂರು ಕಂಡ ನಮಗೆ ಇದು ಸಣ್ಣ ವಿಷಯವಲ್ಲ. ಆದರೆ ನೆಲ ಕುಸಿದು ಗೋಡೆ ಬೀಳುವುದು ಬೇರೆ, ಹೊಸ ಕಟ್ಟಡ ಕೂರುವಾಗ ಬಿಡುವ ಬಿರುಕು ಬೇರೆ, ಎರಡನೆಯದಕ್ಕೆ ಹಣವಿಲ್ಲ.

ಕಳ್ಳತನ? ಬೆಂಕಿಯೋ ಪ್ರವಾಹವೋ ಆಗಿ, ಅದೇ ಕಾರಣದಿಂದ 7 ದಿನದೊಳಗೆ ಕಳ್ಳತನ ಆದರೆ ಮಾತ್ರ ಈ ಪಾಲಿಸಿಯಲ್ಲಿ ಬರುತ್ತದೆ. ಮಾಮೂಲಿ ರಾತ್ರಿ ಕಳ್ಳತನಕ್ಕೆ ಬರ್ಗ್ಲರಿ ಪಾಲಿಸಿ ಬೇರೆಯೇ ಬೇಕು. ಅದಕ್ಕೂ ಬಲವಂತದಿಂದ ಒಳನುಗ್ಗಿದ ಗುರುತು ಇರಬೇಕು: ಮುರಿದ ಬೀಗ, ಬಗ್ಗಿದ ಶಟರ್, ಕಿತ್ತ ಹೆಂಚು. ನಕಲಿ ಕೀಲಿಯಿಂದ ತೆಗೆದದ್ದು, ಹಗಲು ಗಿರಾಕಿ ಎತ್ತಿಕೊಂಡು ಹೋದದ್ದು, ಕೆಲಸದವರೇ ಗಲ್ಲಾದಿಂದ ತೆಗೆದದ್ದು ಇದರಲ್ಲಿ ಬರುವುದಿಲ್ಲ. ಕೆಲಸದವರ ವಂಚನೆಗೆ ಫಿಡೆಲಿಟಿ ಗ್ಯಾರಂಟಿ ಎಂಬ ಬೇರೆ ವಿಮೆ, ನಗದಿಗೆ ಮನಿ ಇನ್ಶೂರೆನ್ಸ್. ನಗದಿನ ವಿಮೆಯಲ್ಲಿ ವ್ಯಾಪಾರದ ವೇಳೆ ಗಲ್ಲಾದಲ್ಲಿರುವುದು, ಬ್ಯಾಂಕಿಗೆ ಒಯ್ಯುವುದು, ರಾತ್ರಿ ತಿಜೋರಿಯಲ್ಲಿರುವುದು ಮೂರಕ್ಕೂ ಬೇರೆ ಬೇರೆ ಮಿತಿ. ಬಾಗಿಲು ಹಾಕಿದ ಮೇಲೂ ಡ್ರಾಯರಿನಲ್ಲೇ ಬಿಟ್ಟ ಹಣ ಹೋದರೆ ಹೋಯಿತು.

ಕರೆಂಟಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಶಾರ್ಟ್ ಸರ್ಕೀಟ್ ಆಗಿ ಫ್ರೀಜರ್ ಸುಟ್ಟು, ಬೆಂಕಿ ಪಕ್ಕದ ಕಪಾಟಿಗೆ ಹರಡಿತು ಅನ್ನಿ. ಕಪಾಟಿಗೆ ಹಣ ಬರುತ್ತದೆ. ಎಲ್ಲಿಂದ ಶುರುವಾಯಿತೋ ಆ ಫ್ರೀಜರಿಗೆ ಬರುವುದಿಲ್ಲ. ವೋಲ್ಟೇಜ್ ಏರುಪೇರಿನಿಂದ ಮಿಕ್ಸರಿನ ಮೋಟಾರ್ ಸುಟ್ಟರೂ ಇಲ್ಲ. ಅದಕ್ಕೆ ಮಷೀನರಿ ಬ್ರೇಕ್‌ಡೌನ್. ಬಿಲ್ಲಿಂಗ್ ಕಂಪ್ಯೂಟರ್, ತೂಕದ ಯಂತ್ರ, ಸಿಸಿಟಿವಿಗಳಿಗೆ ಎಲೆಕ್ಟ್ರಾನಿಕ್ ಉಪಕರಣಗಳ ಪಾಲಿಸಿ. ಫ್ರೀಜರ್ ಕೆಟ್ಟು ಒಳಗಿನ ಕ್ರೀಮು, ಐಸ್‌ಕ್ರೀಮು ಹಾಳಾದರೆ ಅದಕ್ಕೂ ದಾಸ್ತಾನು ಕೆಡುವ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿರಬೇಕು. ಇಷ್ಟನ್ನೂ ಬಿಡಿಬಿಡಿಯಾಗಿ ಕೊಳ್ಳುವ ಬದಲು ಅಂಗಡಿಗಳಿಗೆಂದೇ ಶಾಪ್‌ಕೀಪರ್ ಪ್ಯಾಕೇಜ್ ಸಿಗುತ್ತದೆ. ಆದರೆ ಪ್ಯಾಕೇಜ್ ಎಂದಾಕ್ಷಣ ಎಲ್ಲ ವಿಭಾಗಗಳೂ ಸೇರಿವೆ ಎಂದಲ್ಲ. ಷೆಡ್ಯೂಲ್‌ನಲ್ಲಿ ಯಾವ ವಿಭಾಗದ ಎದುರು ಮೊತ್ತ ಬರೆದಿದೆಯೋ ಅದಷ್ಟೇ ಚಾಲ್ತಿ.

ಬೆಂಕಿ ಬಿದ್ದ ಬೇಕರಿ ಮತ್ತೆ ತೆರೆಯಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳ ಲಾಭ, ಬಿಡದೆ ಕೊಡಬೇಕಾದ ಸಂಬಳ, ಬಾಡಿಗೆ, ಕಂತು ಯಾವುದನ್ನೂ ಬೆಂಕಿಯ ಪಾಲಿಸಿ ಕೊಡುವುದಿಲ್ಲ. ವಸ್ತುಗಳ ಬೆಲೆ ಮಾತ್ರ ಕೊಡುತ್ತದೆ. ಕೈತಪ್ಪಿದ ಲಾಭಕ್ಕೆ ಕೊಡುವ ವಿಮೆ, ಅಂದರೆ ಫೈರ್ ಲಾಸ್ ಆಫ್ ಪ್ರಾಫಿಟ್ ಬೇರೆ ತೆಗೆದುಕೊಳ್ಳಬೇಕು. ಅದು ಕೆಲಸ ಮಾಡುವುದು ಮೂಲ ಬೆಂಕಿ ಕ್ಲೇಮು ಒಪ್ಪಿಗೆಯಾದಾಗ ಮಾತ್ರ, ಮತ್ತು ಲೆಕ್ಕಪತ್ರ ಸರಿಯಾಗಿ ಇಟ್ಟವರಿಗೆ ಮಾತ್ರ. ಸಣ್ಣ ಅಂಗಡಿಗೆ ಇದು ಹೊರೆ ಎನಿಸಿದರೆ ಕನಿಷ್ಠ ಮೂರು ತಿಂಗಳ ಖರ್ಚಿನ ಹಣವನ್ನು ಪಕ್ಕಕ್ಕೆ ತೆಗೆದಿಡುವುದು ಬದಲಿ ದಾರಿ.

ಕೆಲಸದವರಿಗೆ, ಗಿರಾಕಿಗಳಿಗೆ ಏನಾದರೂ ಆದರೆ

ಸಣ್ಣ ಉದ್ಯಮವನ್ನು ನಿಜಕ್ಕೂ ಮುಳುಗಿಸಬಲ್ಲದ್ದು ಇದು. ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ, ತಿಂಗಳಿಗೆ ₹21,000ವರೆಗೆ ಸಂಬಳ ಪಡೆಯುವವರು ನೌಕರರ ರಾಜ್ಯ ವಿಮೆಯಾದ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ನಮ್ಮ ಬೇಕರಿಯಲ್ಲಿ ನಾಲ್ವರು. ಇಎಸ್‌ಐ ಇಲ್ಲ. ಹಾಗೆಂದು ಹೊಣೆ ತಪ್ಪಲಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯಿಂದ ಬಂದ, ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿರುವ ನಿಯಮದ ಪ್ರಕಾರ, ಕೆಲಸದ ವೇಳೆ ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ಮಾಲೀಕರು ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸಿ ಕೊಡಬೇಕು. 30 ವರ್ಷದವರಿಗೆ ಆ ಗುಣಾಂಕ 207.98. ₹15,000 ಸಂಬಳದ ಭಟ್ಟಿ ಕೆಲಸದವನಿಗೆ 7,500 ಗುಣಿಸು 207.98, ಅಂದರೆ ₹15,59,850. ಪೂರ್ತಿ ಅಂಗವಿಕಲನಾದರೆ ಅರ್ಧದ ಬದಲು 60%, ಮೊತ್ತ ₹18 ಲಕ್ಷ ದಾಟುತ್ತದೆ. ಇದರಲ್ಲಿ ಮಾಲೀಕರ ತಪ್ಪಿತ್ತೋ ಇಲ್ಲವೋ ಎಂಬ ಪ್ರಶ್ನೆ ಸಾಮಾನ್ಯವಾಗಿ ಬರುವುದೇ ಇಲ್ಲ.

ಇದಕ್ಕಾಗಿ ಇರುವ ಪಾಲಿಸಿಯನ್ನು ಏಜೆಂಟರು ಇಂದಿಗೂ ವರ್ಕ್‌ಮೆನ್ ಕಾಂಪೆನ್ಸೇಷನ್ ಎಂದೇ ಕರೆಯುತ್ತಾರೆ. ಪ್ರೀಮಿಯಂ ಉಳಿಸಲು ಇಬ್ಬರ ಹೆಸರು, ₹8,000 ಸಂಬಳ ಎಂದು ಬರೆಸುವವರಿದ್ದಾರೆ. ಕ್ಲೇಮಿನ ದಿನ ನಾಲ್ವರು ಇದ್ದದ್ದು, ₹15,000 ಕೊಡುತ್ತಿದ್ದದ್ದು ಗೊತ್ತಾದರೆ ಹಣವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ, ಉಳಿದದ್ದು ಮಾಲೀಕರ ತಲೆಮೇಲೆ. ಆಸ್ಪತ್ರೆ ಖರ್ಚು ಬೇಕಾದರೆ ಅದನ್ನು ಬೇರೆ ಸೇರಿಸಬೇಕು. ಪರಿಹಾರ ಕೊಡಲು ತಡಮಾಡಿದ್ದಕ್ಕೆ ಬೀಳುವ ದಂಡವನ್ನು ವಿಮಾ ಕಂಪನಿ ಕಟ್ಟುವುದಿಲ್ಲ.

ಗಿರಾಕಿಗಳ ಕಡೆಯ ಹೊಣೆಯೂ ಇದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ, ಅಸುರಕ್ಷಿತ ತಿಂಡಿಯಿಂದ ಸಾವು ಸಂಭವಿಸಿದರೆ ಪರಿಹಾರ ₹5 ಲಕ್ಷಕ್ಕಿಂತ ಕಡಿಮೆ ಇರುವಂತಿಲ್ಲ. ಅಂಗಡಿಯೊಳಗೆ ಜಾರಿಬಿದ್ದವರಿಗೆ ಸಾರ್ವಜನಿಕ ಹೊಣೆಯ ವಿಭಾಗ, ಮಾರಿದ ತಿಂಡಿಯಿಂದ ಆದ ತೊಂದರೆಗೆ ಉತ್ಪನ್ನ ಹೊಣೆಯ ವಿಭಾಗ. ಒಂದರಲ್ಲಿ ಇನ್ನೊಂದು ಸೇರಿದೆ ಎಂದು ಊಹಿಸಬೇಡಿ.

ಗ್ಯಾಸ್ ಸಿಲಿಂಡರಿನ ವಿಮೆಯ ಬಗ್ಗೆ ವಾಟ್ಸ್ಯಾಪಿನಲ್ಲಿ ಏನೇನೋ ಮೊತ್ತಗಳು ಓಡಾಡುತ್ತವೆ. ಸರ್ಕಾರಿ ತೈಲ ಕಂಪನಿಗಳು ಸಾರ್ವಜನಿಕ ಹೊಣೆಯ ವಿಮೆ ಮಾಡಿಸಿರುವುದು ನಿಜ: ಎಲ್‌ಪಿಜಿ ಅವಘಡದಲ್ಲಿ ಸತ್ತವರಿಗೆ ತಲಾ ₹6 ಲಕ್ಷ, ನೋಂದಾಯಿತ ವಿಳಾಸದಲ್ಲಿ ಆದ ಆಸ್ತಿ ನಷ್ಟಕ್ಕೆ ಒಂದು ಘಟನೆಗೆ ಗರಿಷ್ಠ ₹2 ಲಕ್ಷ. ಈ ₹2 ಲಕ್ಷದಲ್ಲಿ ಅಡುಗೆಮನೆ ಸರಿಯಾಗಬಹುದು, ಮನೆ ಕಟ್ಟಲಾಗದು. ಮನೆಯ 14.2 ಕೆಜಿ ಸಿಲಿಂಡರನ್ನು ಬೇಕರಿಯ ಒಲೆಗೆ ಹಚ್ಚಿದ್ದರೆ ಅದೂ ಕೈಗೆ ಸಿಗುವುದು ಅನುಮಾನ. ಜೊತೆಗೆ ಅಂಗಡಿಯ ಪಾಲಿಸಿಗೂ ಕುತ್ತು.

ಮನೆ

ಮಹಡಿ ಮೇಲಿನ ಮನೆಗೆ ಭಾರತ್ ಗೃಹ ರಕ್ಷಾ. ಇದೂ 2021ರದ್ದೇ. ಇದರ ಒಳ್ಳೆಯ ಗುಣ ಏನೆಂದರೆ, ನಿವೇಶನದ ಬೆಲೆ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕಾರ್ಪೆಟ್ ವಿಸ್ತೀರ್ಣವನ್ನು ಇಂದಿನ ಕಟ್ಟುವ ವೆಚ್ಚದಿಂದ ಗುಣಿಸಿದರೆ ಆಯಿತು. 900 ಚದರಡಿ, ಚದರಡಿಗೆ ₹2,200 ಎಂದರೆ ₹19.8 ಲಕ್ಷ. ವಿಸ್ತೀರ್ಣ ಸರಿಯಾಗಿ ಕೊಟ್ಟಿದ್ದರೆ ಅಂಗಡಿಯಲ್ಲಿ ಕಂಡ ಅರ್ಧಕ್ಕರ್ಧ ಕಡಿತ ಇಲ್ಲಿ ಇಲ್ಲ. ಒಳಗಿನ ಸಾಮಾನಿಗೆ ಕಟ್ಟಡದ ಮೊತ್ತದ 20%, ಗರಿಷ್ಠ ₹10 ಲಕ್ಷ, ತಾನಾಗಿ ಸೇರುತ್ತದೆ. ನಮ್ಮ ಲೆಕ್ಕದಲ್ಲಿ ₹3.96 ಲಕ್ಷ. ಟಿವಿ, ಫ್ರಿಜ್, ವಾಷಿಂಗ್ ಮಷಿನ್, ಮಂಚ, ಬೀರು, ಸೋಲಾರ್ ಎಲ್ಲ ಕೂಡಿಸಿದರೆ ಇದು ಸಾಲದೆ ಹೋಗಬಹುದು, ಆಗ ಪಟ್ಟಿ ಕೊಟ್ಟು ಮೊತ್ತ ಏರಿಸಿಕೊಳ್ಳಿ.

ಒಡವೆ ಈ ಸಾಮಾನಿನಲ್ಲಿ ಬರುವುದಿಲ್ಲ. ಬೆಲೆಬಾಳುವ ವಸ್ತುಗಳ ಐಚ್ಛಿಕ ರಕ್ಷಣೆಯಲ್ಲಿ, ಮೌಲ್ಯಮಾಪನದ ಚೀಟಿ ಕೊಟ್ಟು ಸೇರಿಸಬೇಕು. ಸೇರಿಸಿದ ಮೇಲೂ, ಕಳ್ಳತನದ ವಿಷಯದಲ್ಲಿ ಅಂಗಡಿಗೆ ಹೇಳಿದ 7 ದಿನದ ಮಾತೇ ಮನೆಗೂ ಅನ್ವಯ. ಮದುವೆಗೆ ಹೋಗಿ ಬರುವಷ್ಟರಲ್ಲಿ ಬೀಗ ಮುರಿದಿದ್ದರೆ ಗೃಹ ರಕ್ಷಾ ಒಂದನ್ನೇ ನಂಬಿದವರಿಗೆ ಏನೂ ಸಿಗುವುದಿಲ್ಲ. ಬರ್ಗ್ಲರಿ ವಿಭಾಗ ಕೇಳಿ ತೆಗೆದುಕೊಂಡಿರಬೇಕು. ಬಾಡಿಗೆ ಮನೆಯಲ್ಲಿರುವವರು ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಸ್ಕೂಟರ್ ಮತ್ತು ವ್ಯಾನ್

2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರಕ್ಕೆ 5 ವರ್ಷದ, ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಷೋರೂಮಿನಲ್ಲಿ "ಐದು ವರ್ಷ ಇನ್ಶೂರೆನ್ಸ್ ಇದೆ ಸಾರ್" ಎನ್ನುತ್ತಾರೆ. ಐದು ವರ್ಷ ಇರುವುದು ಬೇರೆಯವರಿಗೆ ನೀವು ಮಾಡುವ ಹಾನಿಗೆ. ನಿಮ್ಮ ಸ್ವಂತ ಗಾಡಿಯ ಹಾನಿ ಮತ್ತು ಕಳ್ಳತನದ ಭಾಗ ಹೆಚ್ಚಿನ ಕಡೆ ಒಂದೇ ವರ್ಷ. ಎರಡನೆಯ ವರ್ಷ ಸ್ಕೂಟರ್ ಕಳುವಾದಾಗಲೇ ಇದು ಹೊರಬೀಳುವುದು. ಪಾಲಿಸಿಯಲ್ಲಿ ಎರಡು ಅವಧಿಗಳನ್ನು ಬೇರೆ ಬೇರೆ ಮುದ್ರಿಸಿರುತ್ತಾರೆ, ಈಗಲೇ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ ಇದ್ದಾಗ ಹಿಂದೆ ಕೂತ ಸವಾರರಿಗೂ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ.

ಬಿಳಿ ಬೋರ್ಡಿನ ವ್ಯಾನಿನಲ್ಲಿ ಬನ್ನು, ಪಫ್ಸು ತುಂಬಿ ಸುತ್ತಲ ಅಂಗಡಿಗಳಿಗೆ ಹಾಕಿಬರುವುದು ಎಲ್ಲರೂ ಮಾಡುವ ಕೆಲಸ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಸಾಲಿದೆ: ಬಾಡಿಗೆಗೆ ಓಡಿಸುವಂತಿಲ್ಲ, ಮಾದರಿ ಮತ್ತು ಸ್ವಂತ ಲಗೇಜು ಬಿಟ್ಟು ಸರಕು ಸಾಗಿಸುವಂತಿಲ್ಲ. ಟ್ರೇಗಳ ಸಮೇತ ವ್ಯಾನ್ ಪಲ್ಟಿಯಾದರೆ ಫೋಟೋದಲ್ಲೇ ಸಾಕ್ಷಿ ಇರುತ್ತದೆ. ನಿತ್ಯ ಸರಕು ಹಾಕುವವರು ಸರಕು ವಾಹನವಾಗಿ ನೋಂದಾಯಿಸುವುದು ಬಿಟ್ಟರೆ ಬೇರೆ ಅಡ್ಡದಾರಿ ಇಲ್ಲ.

ಮಳೆನೀರಿನ ವಿಷಯ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆಯವರಿಗೆ ಚೆನ್ನಾಗಿ ಅರ್ಥವಾಯಿತು. ನೀರಲ್ಲಿ ಮುಳುಗಿದ ಕಾರಿಗೆ ಸ್ವಂತ ಹಾನಿಯ ವಿಮೆಯಲ್ಲಿ ಹಣ ಇದೆ. ಮುಳುಗಿದ ಮೇಲೆ ಕೀಲಿ ತಿರುವಿ ಸ್ಟಾರ್ಟ್ ಮಾಡಿದರೆ ನೀರು ಸಿಲಿಂಡರಿನೊಳಗೆ ಹೋಗಿ, ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಈ ಎಂಜಿನ್ ಹಾನಿಯನ್ನು ಕಂಪನಿಗಳು ಆಮೇಲಿನ ಹಾನಿ ಎಂದು ನಿರಾಕರಿಸುತ್ತವೆ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿದ್ದರೆ ಬಚಾವು. ಸೇರಿಸಿರದಿದ್ದರೆ ಸ್ಟಾರ್ಟ್ ಮಾಡದೆ, ಬ್ಯಾಟರಿ ಸಂಪರ್ಕ ತೆಗೆದು, ಎಳೆಸಿಕೊಂಡು ಹೋಗಿ.

ಆಸ್ಪತ್ರೆಯ ಬಿಲ್ಲು

ಆರೋಗ್ಯ ವಿಮೆಯಲ್ಲಿ ಹಣ ಸಿಗದ ಮೊದಲ ಕೆಲಕಾಲ, ಅಂದರೆ ಕಾಯುವ ಅವಧಿ, ಎಲ್ಲರಿಗೂ ತಕ್ಕಮಟ್ಟಿಗೆ ಗೊತ್ತು. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳು, 2024ರ ಏಪ್ರಿಲಿಗೆ ಮೊದಲು ಇದು 48 ಇತ್ತು. ಬಿಪಿ, ಸಕ್ಕರೆ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಕೊಳ್ಳುವುದಕ್ಕಿಂತ ಹೇಳಿ ಕಾಯುವುದೇ ಲಾಭ. ಗೊತ್ತಾಗದೆ ಕೈಸುಡುವುದು ಕೊಠಡಿ ಬಾಡಿಗೆಯ ಮಿತಿ.

₹5 ಲಕ್ಷದ ಪಾಲಿಸಿ, ಕೊಠಡಿಗೆ ದಿನಕ್ಕೆ 1%, ಅಂದರೆ ₹5,000. ಮನೆಯವರು ದಿನಕ್ಕೆ ₹10,000ದ ಕೊಠಡಿ ಹಿಡಿದರು, ಐದು ದಿನ. ಬಿಲ್ಲಿನಲ್ಲಿ ಕೊಠಡಿ ₹50,000. ಶಸ್ತ್ರಚಿಕಿತ್ಸಕರ ಶುಲ್ಕ, ಥಿಯೇಟರ್, ನರ್ಸಿಂಗ್ ಸೇರಿ ₹1,50,000. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳು ₹1,00,000. ಒಟ್ಟು ₹3 ಲಕ್ಷ. ಕೊಠಡಿಯ ಹೆಚ್ಚುವರಿ ₹25,000 ತಾನೇ, ಕೊಟ್ಟರಾಯಿತು ಅಂದುಕೊಂಡಿರುತ್ತಾರೆ. ಆದರೆ ಅರ್ಧ ಬಾಡಿಗೆಗೆ ಅರ್ಹತೆ ಇದ್ದುದರಿಂದ ಶಸ್ತ್ರಚಿಕಿತ್ಸಕರ ಶುಲ್ಕ, ಥಿಯೇಟರ್, ನರ್ಸಿಂಗಿನ ₹1,50,000ವನ್ನೂ ಅರ್ಧಕ್ಕೆ ಇಳಿಸುತ್ತಾರೆ. ಸಿಗುವುದು 25,000, 75,000 ಮತ್ತು ಕಡಿತವಾಗದ 1,00,000. ಒಟ್ಟು ₹2 ಲಕ್ಷ. ಕೈಯಿಂದ ₹1 ಲಕ್ಷ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ಮೇಲೆ, ಐಸಿಯು ಶುಲ್ಕದ ಮೇಲೆ ಈ ಪ್ರಮಾಣದ ಕಡಿತ ಮಾಡುವಂತಿಲ್ಲ ಎಂದು ಐಆರ್‌ಡಿಎಐ 2020ರಿಂದ ನಿರ್ಬಂಧಿಸಿದೆ. ಕೊಠಡಿಗೆ ತಕ್ಕಂತೆ ದರ ಬದಲಿಸದ ಆಸ್ಪತ್ರೆಯಲ್ಲಿ ಕಡಿತವೇ ಇಲ್ಲ. ಬಿಲ್ಲು ಹಿಡಿದು ಈ ಎರಡನ್ನು ಕೇಳಿ.

ಮಗ ಬೆಂಗಳೂರಿನ ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅಮ್ಮನನ್ನೂ ಸೇರಿಸಿದ್ದಾನೆ ಎಂಬ ಧೈರ್ಯ ಅವನು ಕೆಲಸ ಬಿಡುವ ದಿನದವರೆಗೆ ಮಾತ್ರ. ಬಿಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗ ಕೇಳಿದರೆ, ಕಳೆದ ಕಾಯುವ ಅವಧಿ ಲೆಕ್ಕಕ್ಕೆ ಸಿಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷ; ಎಪಿಎಲ್ ಕುಟುಂಬಕ್ಕೆ ಸರ್ಕಾರದ ಪ್ಯಾಕೇಜ್ ದರದ 30% ಮಾತ್ರ, ವರ್ಷಕ್ಕೆ ಗರಿಷ್ಠ ₹1.5 ಲಕ್ಷ. ಅಂಗಡಿ ಇಟ್ಟವರಲ್ಲಿ ಬಹುಪಾಲು ಎಪಿಎಲ್. "ಕಾರ್ಡ್ ಇದೆ" ಎಂದು ಸುಮ್ಮನಿರುವವರಿಗೆ ಉಳಿದ 70% ನೆನಪಿರುವುದಿಲ್ಲ. ತುರ್ತು ಸಂದರ್ಭ ಬಿಟ್ಟು, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಕೂಡ ಬೇಕು.

ಜೀವ ವಿಮೆಯ ಬಗ್ಗೆ ಎರಡೇ ಮಾತು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ ₹20 ಕಡಿತವಾಗುವ ಸುರಕ್ಷಾ ಬಿಮಾ ಅಪಘಾತಕ್ಕೆ ಮಾತ್ರ. ₹436ರ ಜೀವನ್ ಜ್ಯೋತಿ ಯಾವುದೇ ಕಾರಣದ ಸಾವಿಗೆ. ಎರಡರ ವರ್ಷವೂ ಮೇ 31ಕ್ಕೆ ಮುಗಿಯುತ್ತದೆ, ಆ ಹೊತ್ತಿಗೆ ಖಾತೆಯಲ್ಲಿ ಹಣವಿಲ್ಲದಿದ್ದರೆ ನವೀಕರಣ ಆಗುವುದಿಲ್ಲ. ವ್ಯಾಪಾರದ ಸಾಲ ಇರುವ ಗಂಡಸರು, ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ ಟರ್ಮ್ ಪಾಲಿಸಿ ಕೊಳ್ಳುವಾಗಲೇ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ, 1874ರಡಿ ಮಾಡಿಸಿದರೆ ಆ ಹಣ ಹೆಂಡತಿ ಮಕ್ಕಳದು, ಸಾಲ ಕೊಟ್ಟವರು ಮುಟ್ಟುವಂತಿಲ್ಲ. ಕೊಂಡ ಮೇಲೆ ಹೀಗೆ ಬದಲಿಸಲು ಬರುವುದಿಲ್ಲ.

ಅನಾಹುತ ಆದ ದಿನ

ಮೊದಲು ಜೀವ, ಆಮೇಲೆ ಉಳಿದ ಸಾಮಾನನ್ನು ಇನ್ನಷ್ಟು ಹಾಳಾಗದಂತೆ ಕಾಪಾಡುವುದು; ಇದು ಪಾಲಿಸಿಯ ಷರತ್ತೂ ಹೌದು. ಸುಟ್ಟದ್ದನ್ನು ಗುಡಿಸಿ ಎಸೆಯಬೇಡಿ, ಸರ್ವೇಯರ್ ಬರುವವರೆಗೆ ಅದೇ ನಿಮ್ಮ ಸಾಕ್ಷಿ. ಪ್ರತಿ ಕೋಣೆಯ ವಿಡಿಯೋ, ಯಂತ್ರಗಳ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ. ಅದೇ ದಿನ ಫೋನ್ ಮಾಡಿ ದೂರಿನ ನಂಬರ್ ಪಡೆದು, ಇಮೇಲನ್ನೂ ಕಳಿಸಿ. ಬೆಂಕಿಗೆ ಅಗ್ನಿಶಾಮಕ ಠಾಣೆಯ ವರದಿ, ಕಳ್ಳತನಕ್ಕೆ ಎಫ್‌ಐಆರ್ ಮತ್ತು ಮಹಜರಿನ ಪ್ರತಿ ಬೇಕು. ಖರೀದಿ ಬಿಲ್ಲುಗಳು ಅಂಗಡಿಯಲ್ಲೇ ಇದ್ದರೆ ಅಂಗಡಿಯ ಜೊತೆ ಅವೂ ಸುಡುತ್ತವೆ, ಹಾಗಾಗಿ ತಿಂಗಳಿಗೊಮ್ಮೆ ಫೋಟೋ ತೆಗೆದು ಆನ್‌ಲೈನಿನಲ್ಲಿ ಇಟ್ಟಿರುವುದು ಕ್ಷೇಮ.

ಕ್ಲೇಮು ತಿರಸ್ಕಾರವಾದರೆ ಯಾವ ಷರತ್ತಿನ ಯಾವ ಸಂಖ್ಯೆಯಡಿ ಎಂದು ಬರಹದಲ್ಲಿ ಕೇಳಿ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ತಕರಾರು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ₹50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಕುಟುಂಬಗಳಷ್ಟೇ ಅಲ್ಲ, ಒಬ್ಬರೇ ಮಾಲೀಕರಿರುವ ಅಂಗಡಿ, ಸೂಕ್ಷ್ಮ ಉದ್ಯಮಗಳೂ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರ ಮೂಲಕ ಹೋಗುವಂತಿಲ್ಲ, ಅರ್ಜಿ ನೀವೇ ಬರೆದುಕೊಡಬೇಕು. ಕಂಪನಿಯ ಕೊನೆಯ ಉತ್ತರ ಬಂದು ಒಂದು ವರ್ಷ ದಾಟಿದರೆ ಆ ಬಾಗಿಲು ಮುಚ್ಚುತ್ತದೆ. ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಅವಧಿ ಇದೆ.